ಶಿಡ್ಲಘಟ್ಟದ ಉಪ್ಪು ನೀರಲ್ಲಿ ಕ್ಷೌರದ ಕತ್ತಿ: ಹತ್ತು ತಿಂಗಳು ಬಳಸಿ ಬರೆದದ್ದು

ಈಗ ನನ್ನ ಕೈಲಿರುವುದು ಜರ್ಮನಿಯ ಸೋಲಿಂಗನ್ ಕತ್ತಿ. ಇದು ಎರಡನೆಯದು. ಮೊದಲನೆಯದರ ಕಥೆ ಮೊದಲು ಹೇಳಿಬಿಡುತ್ತೇನೆ, ಹೊಸಬರು ಮೋಸ ಹೋಗುವುದು ಅಲ್ಲೇ.

ಅದನ್ನು ಆನ್‌ಲೈನ್‌ನಲ್ಲಿ ಒಂಬೈನೂರು ರೂಪಾಯಿಗೆ ತರಿಸಿದೆ. ಹಿಡಿ ಫಳಫಳ ಹೊಳೆಯುತ್ತಿತ್ತು. ಡಬ್ಬಿ ಬಿಚ್ಚಿದ ತಕ್ಷಣ ಬೋಳಿಸಿಕೊಳ್ಳಬಹುದು ಅಂತ ಬರೆದಿದ್ದರು. ಕೆನ್ನೆಗೆ ಇಟ್ಟರೆ ಕೂದಲು ಕತ್ತರಿಸುವ ಬದಲು ಕಿತ್ತು ಬರುತ್ತಿತ್ತು. ಕಣ್ಣಲ್ಲಿ ನೀರು. ಒತ್ತಿ ಎಳೆದೆ, ಕಿವಿಯ ಕೆಳಗೆ ಕುಯ್ಯಿತು. ಮೂರು ವಾರ ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ.

ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಒಬ್ಬರು ಹಿರಿಯರು ಕೂರುತ್ತಾರೆ. ಅಂಗಡಿಯಲ್ಲಿ ಈಗ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಯೇ. ಒಬ್ಬರಿಗೆ ಒಂದು, ಆಮೇಲೆ ಬಿಸಾಡುವುದು. ರಕ್ತದಿಂದ ಹರಡುವ ಕಾಯಿಲೆಗಳ ಭಯಕ್ಕೆ ಹಳೆಯ ಕತ್ತಿ ಹೋಯಿತು, ಅದು ಸರಿಯಾದದ್ದೇ. ಮನೆಯಲ್ಲೂ ಅಣ್ಣತಮ್ಮಂದಿರು ಒಂದೇ ಕತ್ತಿ ಬಳಸಬೇಡಿ. ಆದರೆ ಈ ತಾತ ಕತ್ತಿ ಮಸೆಯುವ ಕಲ್ಲು, ಬಾಯಿಯನ್ನು ನಯ ಮಾಡುವ ಚರ್ಮದ ಪಟ್ಟಿ ಹಿಡಿದೇ ಬೆಳೆದವರು. ನನ್ನ ಕತ್ತಿಯ ಬಾಯಿಯನ್ನು ಮೇಲೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದರು. ಬಾಯಿಯುದ್ದಕ್ಕೂ ಬಿಳಿ ಗೆರೆ ಮಿನುಗಿತು. "ಬೆಳಕು ಹೊಳೀತು ಅಂದ್ರೆ ಬಾಯಿ ಮೊಂಡು ಕಣಪ್ಪ. ಹರಿತ ಇದ್ರೆ ಅಲ್ಲಿ ಏನೂ ಕಾಣಬಾರದು" ಅಂದರು. ಕಲ್ಲಿನ ಮೇಲೆ ಮಲಗಿಸಿದರೆ ಅಲಗು ಅತ್ತಿತ್ತ ಆಡುತ್ತಿತ್ತು. ಸೊಟ್ಟ ಅಲಗನ್ನು ಮಸೆದು ಹದಕ್ಕೆ ತರುವುದು ಹೊಸಬರ ಕೈಲಿ ಆಗುವ ಕೆಲಸವಲ್ಲ.

ಆಮೇಲೆ ದುಡ್ಡು ಕೂಡಿಸಿ ಜರ್ಮನಿಯದನ್ನು ತರಿಸಿದೆ. ಸೋಲಿಂಗನ್ ಅನ್ನುವುದು ಅಲ್ಲಿನ ಊರು. ಆ ಊರಲ್ಲಿ ತಯಾರಾದ ಕತ್ತಿಗೆ ಮಾತ್ರ ಆ ಹೆಸರು ಹಾಕಬೇಕು ಅಂತ ಅಲ್ಲಿ ಕಾನೂನೇ ಇದೆ. ಅಲಗಿನ ಅಗಲ 5/8 ಇಂಚು, ಅಂದರೆ ಸುಮಾರು 16 ಮಿಲಿಮೀಟರ್. ಮೊದಲ ಕತ್ತಿಗೆ ಇದೇ ಅಳತೆ ಸಾಕು. ಇನ್ನೂ ಅಗಲವಾದದ್ದು ಮೂಗಿನ ಕೆಳಗೆ ಸುಲಭವಾಗಿ ತಿರುಗುವುದಿಲ್ಲ. ತುದಿ ಗುಂಡಗಿರಲಿ. ಚೂಪು ತುದಿಯದ್ದು ನೋಡಲು ಚೆಂದ, ಆದರೆ ಕಲಿಯುವಾಗ ಅದೇ ಕಿವಿಗೆ, ತುಟಿಗೆ ತಾಗುವುದು. ಹಿಡಿಯ ಅಂದಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ಆ ದುಡ್ಡು ಕಲ್ಲಿಗೂ ಪಟ್ಟಿಗೂ ಬೇಕಾಗುತ್ತದೆ.

ಪಟ್ಟಿಯನ್ನು ಮಾತ್ರ ಅಗ್ಗದ್ದೇ ತಗೊಳ್ಳಿ. ನಾನು ಮೊದಲ ವಾರದಲ್ಲೇ ಅದಕ್ಕೆ ಎರಡು ಕಡೆ ಗಾಯ ಮಾಡಿದೆ. ಕತ್ತಿಯ ಬೆನ್ನು ಮುಂದೆ ಹೋಗಬೇಕು, ಬಾಯಿ ಹಿಂದೆ ಬರಬೇಕು. ಕೊನೆಯಲ್ಲಿ ಹೊರಳಿಸುವಾಗ ಬೆನ್ನು ಚರ್ಮ ಬಿಡಬಾರದು. ನಾನು ಅವಸರದಲ್ಲಿ ಬಾಯಿಯ ಮೇಲೆ ಹೊರಳಿಸಿದ್ದೆ. ಈಗ ಪ್ರತಿ ಸಲ ಬೋಳಿಸುವ ಮುಂಚೆ ಬಟ್ಟೆಯ ಪಟ್ಟಿಯ ಮೇಲೆ 20 ಸಲ, ಚರ್ಮದ ಮೇಲೆ 50 ಸಲ ಎಳೆಯುತ್ತೇನೆ. ಪಟ್ಟಿ ಬಿಗಿಯಾಗಿರಬೇಕು, ಕೈ ಹಗುರಾಗಿರಬೇಕು. ನಾನು ರೇಷ್ಮೆ ನೂಲು ಬಿಚ್ಚುವವನು. ಎಳೆಯ ಮೇಲೆ ಎಷ್ಟು ಭಾರ ಬಿದ್ದರೆ ತುಂಡಾಗುತ್ತದೆ ಅಂತ ಬೆರಳಿಗೆ ಗೊತ್ತು. ಆ ಹಗುರತನವನ್ನು ಪಟ್ಟಿಗೆ ತರಲು ನನಗೂ ಎರಡು ತಿಂಗಳು ಹಿಡಿಯಿತು.

ಕಲ್ಲಿನ ಕೆಲಸ ಅಪರೂಪ. ಎರಡು ಮೂರು ತಿಂಗಳಿಗೊಮ್ಮೆ, ಕೂದಲು ಎಳೆದಂತಾದಾಗ, 8000 ನಂಬರ್ ಕಲ್ಲಿನ (ನಂಬರ್ ಜಾಸ್ತಿಯಾದಷ್ಟೂ ಕಲ್ಲು ನಯ) ಮೇಲೆ ನೀರು ಹಾಕಿ ಹತ್ತಿಪ್ಪತ್ತು ಸಲ ಮಸೆದರೆ ಸಾಕು. ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗಿರಬೇಕು. ಬೆನ್ನಿನ ದಪ್ಪವೇ ಓರೆ ಎಷ್ಟಿರಬೇಕು ಅಂತ ನಿಗದಿ ಮಾಡುತ್ತದೆ, ನಾವು ಅಳೆಯಬೇಕಿಲ್ಲ. ಪಟ್ಟಿಯ ಮೇಲೆ ಬೆನ್ನು ಮುಂದಾದರೆ, ಕಲ್ಲಿನ ಮೇಲೆ ಬಾಯಿ ಮುಂದು. ಪೂರ್ತಿ ಮೊಂಡಾದರೆ ಮಾತ್ರ 1000 ನಂಬರ್‌ನಿಂದ ಶುರು ಮಾಡಬೇಕು. ಆ ಕೆಲಸ ನಾನು ತಾತನ ಮುಂದೆ ಕೂತು ಮಾಡಿದೆ.

ನಮ್ಮ ನೀರಿನ ವಿಷಯ ಹೇಳಲೇಬೇಕು. ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು. ಉಪ್ಪು ನೀರು ಅನ್ನುತ್ತೇವಲ್ಲ, ಆ ಗಡಸು ನೀರು. ಸೋಪು ನೊರೆಯಾಗದೆ ಮೊಸರೊಡೆದಂತೆ ಆಗುತ್ತದೆ. ನೊರೆ ತೆಳುವಾದರೆ ಎಂಥ ಕತ್ತಿಯೂ ಉರಿ ತರಿಸುತ್ತದೆ. ಹಾಗಾಗಿ ನೊರೆಗೆ ಒಂದು ಲೋಟ ಫಿಲ್ಟರ್ ನೀರು, ಮಳೆಗಾಲದಲ್ಲಿ ಮಳೆ ನೀರು. ಮುಖ ತೊಳೆಯಲು ಬೋರ್ ನೀರೇ. ಕತ್ತಿಯ ಮೇಲೆ ಆ ನೀರು ಒಣಗಿದರೆ ಬಿಳಿ ಚುಕ್ಕೆ ಕೂರುತ್ತದೆ, ಅದರಡಿಯಲ್ಲೇ ತುಕ್ಕು ಹಿಡಿಯುತ್ತದೆ. ನನ್ನದು ಕಾರ್ಬನ್ ಸ್ಟೀಲ್, ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ಅಷ್ಟು ಒರೆಸುವ ತಾಳ್ಮೆ ಇಲ್ಲದವರು ಸ್ಟೇನ್‌ಲೆಸ್ ತಗೊಳ್ಳಿ.

ಬೋಳಿಸುವಾಗ ಕತ್ತಿ ಚರ್ಮಕ್ಕೆ 30 ಡಿಗ್ರಿಯಷ್ಟು ಓರೆಯಲ್ಲಿರಲಿ. ಇನ್ನೊಂದು ಕೈಯಿಂದ ಚರ್ಮ ಬಿಗಿ ಹಿಡಿಯಿರಿ. ಕತ್ತಿಯನ್ನು ಯಾವತ್ತೂ ಪಕ್ಕಕ್ಕೆ ಜಾರಿಸಬೇಡಿ. ಮೊದಲ ತಿಂಗಳು ಕೆನ್ನೆ ಮಾತ್ರ ಸಾಕು, ಕೂದಲು ಬೆಳೆದ ದಿಕ್ಕಿನಲ್ಲೇ. ಗದ್ದ, ಮೇಲ್ತುಟಿಗೆ ಹಳೇ ರೇಜರೇ ಇರಲಿ. "ಒತ್ತಬೇಡಪ್ಪ. ಒತ್ತಿದ್ರೆ ಕುಯ್ಯುತ್ತೆ, ಸವರಿದ್ರೆ ಬೋಳಿಸುತ್ತೆ" ಅಂತ ತಾತ ಪ್ರತಿ ಸಲ ಹೇಳುತ್ತಿದ್ದರು. ಈಗ ನನಗೆ ಇಪ್ಪತ್ತೈದು ನಿಮಿಷ ಬೇಕು. ಬೆಳಿಗ್ಗೆ ಗೂಡಿನ ಮಾರ್ಕೆಟ್‌ಗೆ ಓಡುವ ದಿನ ಕತ್ತಿ ಮುಟ್ಟುವುದಿಲ್ಲ.

ನನ್ನ ಕತ್ತಿ ಬಚ್ಚಲಲ್ಲಿ ಇಲ್ಲ. ಒರೆಸಿ, ಅರ್ಧ ಗಂಟೆ ಬಿಚ್ಚಿಟ್ಟು ಒಣಗಿಸಿ, ಮಷೀನ್ ಎಣ್ಣೆ ಒಂದು ತೊಟ್ಟು ಸವರಿ, ಮಕ್ಕಳ ಕೈಗೆ ಸಿಗದಂತೆ ಬೀರುವಿನ ಮೇಲಿನ ಹಲಗೆಯಲ್ಲಿಡುತ್ತೇನೆ. ಹತ್ತು ತಿಂಗಳಾದರೂ ಒಂದು ಚುಕ್ಕೆ ತುಕ್ಕಿಲ್ಲ.