ಪ್ರೈವಸಿಗೆಂದು ಹಾಕಿಕೊಂಡ ಎಕ್ಸ್‌ಟೆನ್ಷನ್ನೇ ನಿಮ್ಮ ಮಾಹಿತಿ ಮಾರಬಹುದು

ಬ್ರೌಸರ್‌ ಭದ್ರ ಮಾಡಿಕೊಳ್ಳಬೇಕು ಅಂದುಕೊಂಡವರು ಮೊದಲು ಹುಡುಕುವುದು ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ನಮ್ಮ ಓಡಾಟ ಹಿಂಬಾಲಿಸುವ ಟ್ರ್ಯಾಕರ್ ತಡೆಯಲು ಒಂದು, ಜಾಹೀರಾತಿಗೆ ಇನ್ನೊಂದು, ಜೊತೆಗೆ ಒಂದು ಉಚಿತ ವಿಪಿಎನ್ (ನಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಸೇವೆ). ದಯವಿಟ್ಟು ಸ್ವಲ್ಪ ತಡೆಯಿರಿ. ಜನ ದೊಡ್ಡ ಮಟ್ಟದಲ್ಲಿ ಮೋಸ ಹೋಗಿರುವುದು ಇಲ್ಲೇ.

ಒಂದು ಸೈಟನ್ನು ನಂಬಬಹುದೇ ಎಂದು ಹಸಿರು, ಕೆಂಪು ಗುರುತಿನಲ್ಲಿ ತೋರಿಸುತ್ತಿದ್ದ ‘ವೆಬ್ ಆಫ್ ಟ್ರಸ್ಟ್’ ಎಂಬ ಎಕ್ಸ್‌ಟೆನ್ಷನ್ ಹಲವರಿಗೆ ನೆನಪಿರಬಹುದು. ಅದನ್ನು ಹಾಕಿಕೊಂಡವರ ಬ್ರೌಸಿಂಗ್ ಹಿಸ್ಟರಿ ಮಾರಾಟವಾಗುತ್ತಿದೆ ಎಂಬುದನ್ನು 2016ರ ನವೆಂಬರ್‌ನಲ್ಲಿ ಜರ್ಮನಿಯ ಎನ್‌ಡಿಆರ್ ವಾಹಿನಿ ಬಯಲಿಗೆಳೆಯಿತು. ಪತ್ರಕರ್ತರ ಕೈಸೇರಿದ ಡೇಟಾದಲ್ಲಿ ಸುಮಾರು 30 ಲಕ್ಷ ಜರ್ಮನ್ ಬಳಕೆದಾರರ ಜಾಡು ಇತ್ತು. ಹೆಸರು ತೆಗೆದಿದ್ದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಗುರುತು ಇದ್ದದ್ದು ಯುಆರ್‌ಎಲ್‌ನಲ್ಲೇ, ಅಂದರೆ ಪುಟದ ವಿಳಾಸದಲ್ಲೇ. ಟ್ವಿಟರ್‌ನಲ್ಲಿ ತನ್ನ ಅನಲಿಟಿಕ್ಸ್ (ಖಾತೆಯ ಅಂಕಿಅಂಶ) ಪುಟ ತೆರೆದವರ ಯೂಸರ್‌ನೇಮ್ ಆ ಪುಟದ ವಿಳಾಸದಲ್ಲಿ ಇರುತ್ತಿತ್ತು. ಆ ಒಂದು ಸಾಲು ಸಿಕ್ಕರೆ ಮಿಕ್ಕ ಹಿಸ್ಟರಿಯೆಲ್ಲ ಯಾರದು ಎಂದು ತಿಳಿದುಬಿಡುತ್ತಿತ್ತು. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕೊಟ್ಟ ಪಠ್ಯವೂ ಯುಆರ್‌ಎಲ್‌ನಲ್ಲೇ ಕೂರುತ್ತಿದ್ದುದರಿಂದ, ಒಬ್ಬ ಪೊಲೀಸ್ ಅಧಿಕಾರಿ ತನಿಖೆಗಾಗಿ ಅನುವಾದಿಸಿಕೊಂಡ ಪತ್ರದ ಒಕ್ಕಣೆಯೂ ಅದರಲ್ಲಿತ್ತು.

ಇನ್ನೊಂದು ಪ್ರಕರಣ ಆ್ಯಂಟಿವೈರಸ್ ಕಂಪನಿ ಅವಾಸ್ಟ್‌ನದು. ಟ್ರ್ಯಾಕಿಂಗ್ ತಡೆಯುತ್ತೇವೆ ಎಂದು ಹೇಳುತ್ತಲೇ ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಬಳಕೆದಾರರ ಹಿಸ್ಟರಿ ಮಾರಿದ್ದಕ್ಕೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು.

ಶುರುವಿನಿಂದ ಕೆಟ್ಟದಾಗಿದ್ದವು ಮಾತ್ರ ಅಪಾಯ ಎಂದುಕೊಳ್ಳಬೇಡಿ. ಟ್ಯಾಬ್‌ಗಳ ಮೆಮೊರಿ ಉಳಿಸುತ್ತಿದ್ದ ‘ದಿ ಗ್ರೇಟ್ ಸಸ್ಪೆಂಡರ್’ ವರ್ಷಗಟ್ಟಲೆ ಒಳ್ಳೆಯದೇ ಆಗಿತ್ತು. 2020ರಲ್ಲಿ ಅದರ ಕರ್ತೃ ಅದನ್ನು ಬೇರೆಯವರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಎಂದು ಕಿತ್ತುಹಾಕಿತು. ಬಳಸುತ್ತಿದ್ದ ಬಹುತೇಕರಿಗೆ ಮಾಲೀಕರು ಬದಲಾದದ್ದೇ ಗೊತ್ತಿರಲಿಲ್ಲ. ಎಕ್ಸ್‌ಟೆನ್ಷನ್ ತಾನಾಗಿಯೇ ಅಪ್‌ಡೇಟ್ ಆಗುತ್ತದೆ; ಹೊಸ ಪರ್ಮಿಷನ್ ಕೇಳದಿದ್ದರೆ ಬ್ರೌಸರ್ ನಿಮ್ಮನ್ನು ಮತ್ತೆ ಕೇಳುವುದೂ ಇಲ್ಲ. ‘ಎಲ್ಲ ವೆಬ್‌ಸೈಟ್‌ಗಳಲ್ಲಿ ನಿಮ್ಮ ಎಲ್ಲ ಡೇಟಾವನ್ನು ಓದಿ ಬದಲಾಯಿಸಬಹುದು’ ಎಂಬ ಪರ್ಮಿಷನ್ ಮೊದಲೇ ಕೊಟ್ಟಿದ್ದರೆ ಹೊಸ ಮಾಲೀಕರಿಗೆ ಇನ್ನೇನೂ ಕೇಳಬೇಕಾಗಿಲ್ಲ. ನಿಮ್ಮ ಇಮೇಲ್, ನೆಟ್‌ಬ್ಯಾಂಕಿಂಗ್ ಪುಟ, ಟೈಪ್ ಮಾಡುವ ಪಾಸ್‌ವರ್ಡ್ ಎಲ್ಲವೂ ಆ ಪರ್ಮಿಷನ್ ಒಳಗೇ ಬರುತ್ತವೆ.

ಕನ್ನಡ ಟೈಪಿಂಗ್ ಎಕ್ಸ್‌ಟೆನ್ಷನ್ ಹಾಕಿಕೊಂಡವರು ಇದನ್ನು ವಿಶೇಷವಾಗಿ ಗಮನಿಸಿ. ಎಲ್ಲ ಸೈಟಿನಲ್ಲೂ ಕನ್ನಡ ಮೂಡಿಸಬೇಕಾದರೆ ಅದು ಎಲ್ಲ ಸೈಟಿನಲ್ಲೂ ನಿಮ್ಮ ಕೀಲಿ ಒತ್ತುವಿಕೆಯನ್ನು ಹಿಡಿಯಲೇಬೇಕು. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ. ಲ್ಯಾಂಗ್ವೇಜ್ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಸೇರಿಸಿಕೊಂಡರೆ ಆಯಿತು, ಎಕ್ಸ್‌ಟೆನ್ಷನ್ ಬೇಡ.

ಉಚಿತ ವಿಪಿಎನ್ ಎಕ್ಸ್‌ಟೆನ್ಷನ್ ಇದ್ದರೆ ಇವತ್ತೇ ತೆಗೆಯಿರಿ. ನೀವು ಯಾವ ಯಾವ ಸೈಟಿಗೆ ಹೋಗುತ್ತೀರಿ ಎಂಬುದೆಲ್ಲ ಅದನ್ನು ನಡೆಸುವವರ ಸರ್ವರ್ ಮೂಲಕವೇ ಹಾಯುತ್ತದೆ.

ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ಮ್ಯಾನೇಜ್ ಎಕ್ಸ್‌ಟೆನ್ಷನ್ಸ್‌ಗೆ ಹೋಗಿ. ಒಂದೊಂದರ ಡೀಟೇಲ್ಸ್ ತೆರೆದು ‘ಸೈಟ್ ಆ್ಯಕ್ಸೆಸ್’ ನೋಡಿ. ‘ಆನ್ ಆಲ್ ಸೈಟ್ಸ್’ ಎಂದಿದ್ದರೆ ‘ಆನ್ ಕ್ಲಿಕ್’ ಮಾಡಿ. ಯಾಕೆ ಹಾಕಿದ್ದೆ ಎಂದು ನೆನಪಾಗದಿದ್ದರೆ ರಿಮೂವ್ ಮಾಡಿ. ಸುಮ್ಮನೆ ಆಫ್ ಮಾಡಿಟ್ಟರೆ ಯಾರಾದರೂ ಮತ್ತೆ ಆನ್ ಮಾಡಿಯಾರು. ಬ್ಯಾಂಕ್ ಕೆಲಸಕ್ಕೆ ಬ್ರೌಸರ್‌ನಲ್ಲೇ ಬೇರೆ ಪ್ರೊಫೈಲ್ ಮಾಡಿಕೊಂಡು ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಹಾಕಬೇಡಿ.

ಹಾಗಾದರೆ ಪ್ರೈವಸಿಗೆ ಏನು ಮಾಡುವುದು? ಮುಕ್ಕಾಲು ಪಾಲು ಕೆಲಸ ಬ್ರೌಸರ್ ಒಳಗೇ ಇದೆ. ಫೈರ್‌ಫಾಕ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ವಿಭಾಗದಲ್ಲಿ ಟ್ರ್ಯಾಕಿಂಗ್ ಪ್ರೊಟೆಕ್ಷನ್ ‘ಸ್ಟ್ರಿಕ್ಟ್’ ಮಾಡಿ, ಸುರಕ್ಷಿತ ಸಂಪರ್ಕವನ್ನೇ ಬಳಸುವಂತೆ ಮಾಡುವ ಎಚ್‌ಟಿಟಿಪಿಎಸ್-ಓನ್ಲಿ ಮೋಡ್ ಆನ್ ಮಾಡಿ. ಸ್ಟ್ರಿಕ್ಟ್ ಇಟ್ಟಾಗ ಕೆಲವು ಪೇಮೆಂಟ್ ಪುಟಗಳಲ್ಲಿ ಓಟಿಪಿ ಚೌಕ ತೆರೆಯದೆ ಖಾಲಿ ಉಳಿಯಬಹುದು. ಆಗ ಅಡ್ರೆಸ್ ಬಾರ್‌ನ ಗುರಾಣಿ ಗುರುತು ಒತ್ತಿ, ಆ ಒಂದು ಸೈಟಿಗೆ ಮಾತ್ರ ಪ್ರೊಟೆಕ್ಷನ್ ಆಫ್ ಮಾಡಿ. ಇಡೀ ಬ್ರೌಸರ್‌ನದ್ದನ್ನು ಇಳಿಸಬೇಡಿ. ಜಾಹೀರಾತು ತಡೆಯಲು ಯುಬ್ಲಾಕ್ ಆರಿಜಿನ್ ಒಂದೇ ಸಾಕು. ‘ಆರಿಜಿನ್’ ಇಲ್ಲದ ಬರೀ ಯುಬ್ಲಾಕ್ ಬೇರೆಯವರದು. ಹೊಸ ಕ್ರೋಮ್‌ನಲ್ಲಿ ಹಳೆಯ ಆರಿಜಿನ್ ನಡೆಯುವುದಿಲ್ಲ, ಅದೇ ಕರ್ತೃವಿನ ‘ಲೈಟ್’ ಹಾಕಿಕೊಳ್ಳಬೇಕು. ಎರಡು ಬ್ಲಾಕರ್ ಒಟ್ಟಿಗೆ ಹಾಕಿದರೆ ಒಂದರ ಕೆಲಸ ಇನ್ನೊಂದು ಕೆಡಿಸಬಹುದು.

ಅನುಮಾನದ ಎಕ್ಸ್‌ಟೆನ್ಷನ್ ಸಿಕ್ಕಿದ್ದರೆ ತೆಗೆದುಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಅದು ಲಾಗಿನ್ ಕುಕಿ (ನೀವು ಲಾಗಿನ್ ಆಗಿದ್ದೀರಿ ಎಂದು ಸೈಟಿಗೆ ತಿಳಿಸುವ ಪುಟ್ಟ ಫೈಲು) ಕದ್ದಿದ್ದರೆ, ಕದ್ದವರು ಪಾಸ್‌ವರ್ಡ್ ಇಲ್ಲದೆಯೂ ನಿಮ್ಮ ಖಾತೆಯೊಳಗೆ ಇರಬಹುದು. ಮೊದಲು ಎಕ್ಸ್‌ಟೆನ್ಷನ್ ತೆಗೆಯಿರಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಈ ಕ್ರಮ ತಪ್ಪಿದರೆ ಹೊಸ ಪಾಸ್‌ವರ್ಡೂ ಅದರ ಕೈಗೇ ಹೋಗುತ್ತದೆ. ಕೊನೆಗೆ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ‘ಯುವರ್ ಡಿವೈಸಸ್’ ತೆರೆದು ಗುರುತು ಸಿಗದ ಪ್ರತಿಯೊಂದನ್ನೂ ಸೈನ್ ಔಟ್ ಮಾಡಿ. ಒಂದು ಕಂಪ್ಯೂಟರ್‌ನ ಎಕ್ಸ್‌ಟೆನ್ಷನ್‌ಗಳನ್ನು ಇನ್ನೊಂದಕ್ಕೂ ತರುವ ಸಿಂಕ್ ಆನ್ ಇದ್ದರೆ ಆಫೀಸಿನ, ಮನೆಯ ಎರಡೂ ಕಂಪ್ಯೂಟರ್‌ನಲ್ಲಿ ಎಕ್ಸ್‌ಟೆನ್ಷನ್ ಹೋಗಿದೆಯೇ ಎಂದು ಒಮ್ಮೆ ತೆರೆದು ನೋಡಿ.