ಕಸೆರ್ತಾ ಅರಮನೆಯ ಉದ್ಯಾನಕ್ಕೆ ಹೋಗುವವರು ವೋಚರ್ ನಂಬಿ ದುಡ್ಡು ಕಟ್ಟಬೇಡಿ

ಇಟಲಿ ಪ್ರವಾಸಕ್ಕೆ ಹೊರಟವರು, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನೇಪಲ್ಸ್ ಹತ್ತಿರದ ಕಸೆರ್ತಾ ನಗರದ ರಾಜೋದ್ಯಾನದಲ್ಲಿ ನಮಗಾದ ಪಾಡು ಇನ್ನೊಬ್ಬರಿಗೆ ಆಗಬಾರದು.

ಅಮ್ಮನಿಗೆ ಗಿಡಮರ ಎಂದರೆ ಪ್ರಾಣ. ಕಸೆರ್ತಾ ಉದ್ಯಾನದ ಮೇಲ್ತುದಿಯಲ್ಲಿ 1780ರ ದಶಕದಲ್ಲಿ ರಾಣಿ ಮರಿಯಾ ಕರೋಲಿನಾ ಮಾಡಿಸಿದ ಇಂಗ್ಲಿಷ್ ತೋಟವಿದೆ. ಅದನ್ನು ತೋರಿಸಬೇಕೆಂದೇ ಒಂದು ಖಾಸಗಿ ಟೂರ್ ಕಂಪನಿಯಲ್ಲಿ ಬುಕ್ ಮಾಡಿದೆವು. ಅರಮನೆ, ಉದ್ಯಾನ, ಇಂಗ್ಲಿಷ್ ತೋಟ, ನಡೆಯಲಾಗದವರಿಗೆ ಒಳಗಿನ ಬಸ್ಸು, ಎಲ್ಲವೂ ಒಂದೇ ದರದಲ್ಲಿ, ಸಾಲಿನಲ್ಲಿ ನಿಲ್ಲುವ ಗೋಜಿಲ್ಲ ಎಂದು ಬರೆದಿದ್ದರು. ದುಡ್ಡು ಕಟ್ಟಿದ ಮೇಲೆ ಬಂದದ್ದು ಟಿಕೆಟ್ ಅಲ್ಲ, ವೋಚರ್. ಬೆಳಿಗ್ಗೆ ಹತ್ತಕ್ಕೆ ಅರಮನೆ ಎದುರು ನಮ್ಮ ಪ್ರತಿನಿಧಿ ಟಿಕೆಟ್ ಕೊಡುತ್ತಾರೆ ಎಂದು ಅದರಲ್ಲಿತ್ತು.

ಹತ್ತಕ್ಕೆ ಅಲ್ಲಿ ಯಾರೂ ಇರಲಿಲ್ಲ. ಫೋನ್ ಮಾಡಿದಾಗಲೆಲ್ಲ ‘ಐದೇ ನಿಮಿಷ’. ಜುಲೈ ತಿಂಗಳ ಬಿಸಿಲು, ಅರಮನೆ ಮುಂದಿನ ಆ ದೊಡ್ಡ ಬಯಲಿನಲ್ಲಿ ನೆರಳೂ ಇಲ್ಲ. ಬಾಗಿಲಲ್ಲಿದ್ದವರು ವೋಚರ್ ನೋಡಿ, ಇದರಲ್ಲಿ ಒಳಗೆ ಬಿಡಲಾಗುವುದಿಲ್ಲ ಎಂದರು. ಅವರ ತಪ್ಪೇನೂ ಇಲ್ಲ, ಅದು ಅರಮನೆಯವರು ಕೊಟ್ಟ ಚೀಟಿಯೇ ಅಲ್ಲವಲ್ಲ. ಹನ್ನೊಂದು ದಾಟಿದ ಮೇಲೆ ಪ್ರತಿನಿಧಿ ಬಂದ. ಅವನು ಕೊಟ್ಟ ಟಿಕೆಟ್ಟಿನಲ್ಲಿ ಅರಮನೆ ಪ್ರವೇಶದ ಸಮಯ ಮಧ್ಯಾಹ್ನ ಎರಡೂವರೆ! ಅಲ್ಲಿಯವರೆಗೆ ಉದ್ಯಾನ ನೋಡಿ ಬರುತ್ತೇವೆ ಎಂದರೆ, ಗುಂಪು ಬಿಟ್ಟು ಹೋಗುವಂತಿಲ್ಲ, ಮೊದಲು ಅರಮನೆ, ಆಮೇಲೆ ಉದ್ಯಾನ ಎಂದು ಹಟ ಹಿಡಿದ.

ಈ ಕ್ರಮ ಯಾಕೆ ಕೆಟ್ಟದ್ದು ಎಂಬುದು ಆ ಜಾಗದ ಅಳತೆ ಗೊತ್ತಿದ್ದರೆ ಅರ್ಥವಾಗುತ್ತದೆ. ಬೂರ್ಬೊನ್ ವಂಶದ ದೊರೆ ಕಾರ್ಲೊಗಾಗಿ ವಾಸ್ತುಶಿಲ್ಪಿ ಲುಯಿಜಿ ವಾನ್ವಿತೆಲ್ಲಿ 1752ರಲ್ಲಿ ಕಟ್ಟಲು ಶುರುಮಾಡಿದ ಅರಮನೆ ಇದು. ಸುಮಾರು 1200 ಕೋಣೆಗಳಿವೆ. ಅದರ ಹಿಂಬಾಗಿಲಿನಿಂದ ಗುಡ್ಡದ ಜಲಪಾತದವರೆಗೆ ನೆಟ್ಟಗೆ ಸುಮಾರು 3 ಕಿಲೋಮೀಟರ್ ದಾರಿ, ನಡುವೆ ಉದ್ದಕ್ಕೂ ಕೊಳಗಳು, ಕಾರಂಜಿಗಳು. ಇವಕ್ಕೆ ನೀರು ತರಲು 38 ಕಿಲೋಮೀಟರ್ ಉದ್ದದ ಕಾಲುವೆ ಕಟ್ಟಿಸಿದ್ದರು. ಕೆಳಗೆ ನಿಂತರೆ ಜಲಪಾತ ಇಲ್ಲೇ ಇದೆ ಅನ್ನಿಸುತ್ತದೆ. ದೂರದ ಬೆಟ್ಟ ನುಣ್ಣಗೆ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ನಡೆದಷ್ಟೂ ದಾರಿ ಮುಗಿಯುವುದಿಲ್ಲ, ಏರುತ್ತಲೇ ಇರುತ್ತದೆ, ಬಹುಪಾಲು ಬಿಸಿಲೇ.

ಅರಮನೆ ಮುಗಿಯುವ ಹೊತ್ತಿಗೆ ನಾಲ್ಕೂವರೆ. ಬಸ್ಸಿನ ಹತ್ತಿರ ಹೋದರೆ ಡ್ರೈವರ್ ನಮ್ಮ ಟಿಕೆಟ್ ತಿರುಗಿಸಿ ನೋಡಿ ತಲೆಯಾಡಿಸಿದರು. ಬಸ್ಸಿಗೆ ಬೇರೆ ಟಿಕೆಟ್ ಬೇಕಿತ್ತು, ಅದು ಇದರಲ್ಲಿ ಸೇರಿರಲಿಲ್ಲ. ಪ್ರತಿನಿಧಿ ಅಷ್ಟರಲ್ಲಿ ಮಾಯ. ಮತ್ತೆ ದುಡ್ಡು ಕೊಟ್ಟು, ಉದ್ದದ ಸಾಲಿನಲ್ಲಿ ನಿಂತು ಮೇಲೆ ತಲುಪಿದಾಗ ಇಂಗ್ಲಿಷ್ ತೋಟದ ಗೇಟು ಹಾಕಿದ್ದರು. ಆ ತೋಟ ಉಳಿದ ಉದ್ಯಾನಕ್ಕಿಂತ ಮೊದಲೇ ಮುಚ್ಚುತ್ತದೆ. ದಿನವೂ ಜನ ಕರೆತರುವ ಕಂಪನಿಗೆ ಇದು ಗೊತ್ತಿಲ್ಲದ ಮಾತೇ?

ಅಮ್ಮ ಜಲಪಾತದ ಬುಡದ ಕಟ್ಟೆಯ ಮೇಲೆ ಕೂತುಬಿಟ್ಟರು. ಎದುರಿಗೆ ದಿಯಾನಾ ಮತ್ತು ಆಕ್ಟಿಯಾನ್ ಕಾರಂಜಿ. ದೇವತೆಯ ಸ್ನಾನ ಕಂಡ ಬೇಟೆಗಾರ ಶಾಪದಿಂದ ಜಿಂಕೆಯಾಗುತ್ತಿದ್ದಾನೆ, ಮೈ ಇನ್ನೂ ಮನುಷ್ಯನದು, ತಲೆ ಆಗಲೇ ಜಿಂಕೆಯದು, ಅವನದೇ ನಾಯಿಗಳು ಅವನ ಮೇಲೆ ಬಿದ್ದಿವೆ. ಅಷ್ಟು ಜೀವಂತ ಶಿಲ್ಪವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅಮ್ಮನ ಕಣ್ಣು ಗೇಟಿನಾಚೆಯ ಮರಗಳ ಮೇಲೇ ಇತ್ತು. ‘ಇಷ್ಟು ದೂರ ಬಂದು ಒಳಗೆ ಕಾಲಿಡಲಿಲ್ಲವಲ್ಲೋ’ ಎಂದರು. ನನಗೆ ಉತ್ತರ ತೋಚಲಿಲ್ಲ.

ಹೋಗುವವರು ಅರಮನೆಯ ಅಧಿಕೃತ ಟಿಕೆಟ್ಟನ್ನೇ ಕೊಳ್ಳಿ. ನೇಪಲ್ಸಿನಿಂದ ರೈಲಿದೆ, ಕಸೆರ್ತಾ ಸ್ಟೇಷನ್ನಿನಿಂದ ಹೊರಬಂದರೆ ಅರಮನೆ ಎದುರಿಗೇ ಕಾಣುತ್ತದೆ, ಮಧ್ಯವರ್ತಿಯ ಅಗತ್ಯವೇ ಇಲ್ಲ. ಮಂಗಳವಾರ ಹೋಗಬೇಡಿ, ವಾರದ ರಜೆ. ಉದ್ಯಾನ ಮುಚ್ಚುವ ಸಮಯ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಕೊನೆಯ ಪ್ರವೇಶ ಅದಕ್ಕೂ ಮುಂಚೆ, ಹೊರಡುವ ಮುನ್ನ ಎರಡನ್ನೂ ನೋಡಿಕೊಳ್ಳಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬಸ್ಸಿನಲ್ಲಿ ಮೇಲೆ ಹೋಗಿ, ಮೊದಲು ಇಂಗ್ಲಿಷ್ ತೋಟ ನೋಡಿ, ಆಮೇಲೆ ಇಳಿಜಾರಿನಲ್ಲಿ ನಿಧಾನ ನಡೆದು ಬನ್ನಿ. ಅರಮನೆಯನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಳ್ಳಿ. ನೀರು, ಟೋಪಿ ಮರೆಯಬೇಡಿ.

ಟೂರ್ ಕಂಪನಿಯ ಮೂಲಕವೇ ಹೋಗುವುದಾದರೆ ಬಸ್ಸು, ಇಂಗ್ಲಿಷ್ ತೋಟ, ಪ್ರವೇಶದ ಗಂಟೆ ಮೂರನ್ನೂ ಇಮೇಲಿನಲ್ಲಿ ಬರೆಸಿಕೊಳ್ಳಿ. ಬುಕ್ ಮಾಡುವಾಗ ಕಾಣುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ನಮ್ಮ ಕಂಪನಿ ದುಡ್ಡು ವಾಪಸ್ ಕೊಡಲು ಒಪ್ಪದೆ, ಆ ಪುಟದ ಒಕ್ಕಣೆಯನ್ನೇ ಆಮೇಲೆ ಬದಲಿಸಿತು. ನಾವೀಗ ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟಿದ್ದೇವೆ, ನಮ್ಮ ಕೈಯಲ್ಲಿರುವ ದಾಖಲೆ ಆ ಹಳೆಯ ಸ್ಕ್ರೀನ್‌ಶಾಟ್ ಒಂದೇ.