ಲವಂಗದೆಣ್ಣೆ ಇದೆ, ಉರಿ ಇಲ್ಲ: ಲಿಪೊಸೋಮ್ ಮೌತ್‌ವಾಶ್ ಒಂದು ವರ್ಷ ಬಳಸಿದ ಮೇಲೆ

ಹಲ್ಲುನೋವಿಗೆ ಹತ್ತಿಯಲ್ಲಿ ಲವಂಗದೆಣ್ಣೆ ಅದ್ದಿ ಇಟ್ಟುಕೊಂಡವರಿಗೆ ಗೊತ್ತು, ನೋವು ಇಳಿಯುವ ಮೊದಲು ಒಸಡು ಹೇಗೆ ಉರಿಯುತ್ತದೆ ಅಂತ. ಅದು ಲವಂಗದೆಣ್ಣೆಯಲ್ಲಿರುವ ಯೂಜಿನಾಲ್‌ನ ಕೆಲಸ. ನಾನು ವರ್ಷದಿಂದ ಬಳಸುತ್ತಿರುವ ಮೌತ್‌ವಾಶ್‌ನಲ್ಲೂ ಇದೇ ಎಣ್ಣೆ ಇದೆ. ಜೊತೆಗೆ ಥೈಮಾಲ್, ನಮ್ಮ ಓಂಕಾಳಿನ ಘಾಟಿಗೆ ಕಾರಣ ಅದೇ. ಆದರೂ ಬಾಯಿ ಉರಿಯುವುದಿಲ್ಲ.

ಎಣ್ಣೆ ನೀರಿನಲ್ಲಿ ಕರಗುವುದಿಲ್ಲ ಅಲ್ವಾ? ಹಳೇ ಲಿಸ್ಟರಿನ್ ಮೌತ್‌ವಾಶ್‌ನಲ್ಲಿ ಅದಕ್ಕೇ ಶೇ. 20ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರುತ್ತದೆ. ಇದರಲ್ಲಿ ಆಲ್ಕೋಹಾಲ್ ಇಲ್ಲ, ಸೋಯಾದಿಂದ ತೆಗೆದ ಲೆಸಿಥಿನ್ ಅನ್ನುವ ಕೊಬ್ಬಿನಂಥ ಪದಾರ್ಥ ಇದೆ. ಲೆಸಿಥಿನ್ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ನೀರಿನಲ್ಲಿ ಅವು ಸಾಲುಗಟ್ಟಿ ಸುತ್ತಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಾಗುತ್ತವೆ. ಎಣ್ಣೆ ಆ ಚೀಲದ ಗೋಡೆಯೊಳಗೆ ಸೇರಿಕೊಂಡು, ನಿಧಾನಕ್ಕೆ ಹೊರಗೆ ಬರುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಬ್ಯಾಂಗಮ್ ಗುರುತಿಸಿದ ಲಿಪೊಸೋಮ್ ಇದೇ.

ಮುಚ್ಚಳಕ್ಕೆ ಸುರಿದರೆ ತೆಳು ಹಾಲಿನ ಬಣ್ಣ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಸ್ವಲ್ಪ ನೀಲಿ. ಬಾಯಿಗೆ ಹಾಕಿದ ಕೂಡಲೇ ಏನೂ ಅನ್ನಿಸುವುದಿಲ್ಲ. ಉಗುಳಿದ ಮೇಲೆ ಲವಂಗದ ರುಚಿ ಮೆಲ್ಲಗೆ ಏರುತ್ತದೆ, ಹನ್ನೊಂದು ಗಂಟೆಯ ಕಾಫಿವರೆಗೂ ಉಳಿಯುತ್ತದೆ. ಕಾಫಿ ಕೆಡುತ್ತದೆ ಅನ್ನುವವರೂ ಇದ್ದಾರೆ, ನಮ್ಮ ಮನೆಯಲ್ಲೇ ಒಬ್ಬರು.

ಬೆಳಗಿನ ಬಾಯಿವಾಸನೆ ನಿಜವಾಗಿ ಕಡಿಮೆಯಾಗಿದೆ. ಬ್ರಷ್ ಮಾಡುವಾಗ ಒಸಡಿನಲ್ಲಿ ರಕ್ತ ಬರುವುದೂ ನಿಂತಿದೆ. ಆದರೆ ಅದರ ಪೂರ್ತಿ ಶ್ರೇಯ ಇದಕ್ಕೆ ಕೊಡಲಾರೆ, ಯಾಕಂದ್ರೆ ಅದೇ ಸಮಯಕ್ಕೆ ಡಾಕ್ಟರ ಹತ್ತಿರ ಹಲ್ಲು ಕ್ಲೀನ್ ಮಾಡಿಸಿದ್ದೆ. ಗಟ್ಟಿಯಾದ ಪಾಚಿಯನ್ನು ಯಾವ ಮೌತ್‌ವಾಶೂ ತೆಗೆಯುವುದಿಲ್ಲ, ಲೇಬಲ್ ಏನೇ ಹೇಳಲಿ. ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾ ಮೇಲೆ ಇಂಥ ಎಣ್ಣೆಗಳ ಪರೀಕ್ಷೆ ಹೆಚ್ಚಾಗಿ ನಡೆದಿರುವುದು ಲ್ಯಾಬಿನ ತಟ್ಟೆಯಲ್ಲಿ. ಬಾಯಲ್ಲಿ ಎಂಜಲು ಸುಮ್ನೆ ಇರುತ್ತಾ? ತೊಳೆದುಕೊಂಡು ಹೋಗುತ್ತಿರುತ್ತದೆ.

ನನ್ನ ತಕರಾರು ಬೇಸಿಗೆಯದು. ಏಪ್ರಿಲ್‌ನಲ್ಲಿ ಕೊರಿಯರ್‌ನಲ್ಲಿ ಬಂದ ಬಾಟಲಿಯ ಮೇಲೆ ಹಳದಿ ಎಣ್ಣೆ ಪದರ ತೇಲುತ್ತಿತ್ತು, ಕಮಟು ವಾಸನೆ ಬೇರೆ. ಕಸ್ಟಮರ್ ಕೇರ್‌ನವರು "ಕುಲುಕಿ ಬಳಸಿ ಸರ್" ಅಂದರು. ಒಡೆದ ಚೀಲ ಕುಲುಕಿದರೆ ಮತ್ತೆ ಕಟ್ಟಿಕೊಳ್ಳುತ್ತಾ? ದುಡ್ಡೂ ವಾಪಸ್ ಬರಲಿಲ್ಲ. ಬೆಲೆ ನೋಡಿದರೆ ಮಾಮೂಲಿ ಮೌತ್‌ವಾಶ್‌ನ ಮೂರು ಪಟ್ಟು!

ಸೋಯಾ ಅಲರ್ಜಿ ಇರುವವರು ಲೇಬಲ್ ಓದಿ. ಇದರಲ್ಲಿ ಫ್ಲೋರೈಡ್ ಇಲ್ಲ, ಹಾಗಾಗಿ ಫ್ಲೋರೈಡ್ ಪೇಸ್ಟ್ ಬಿಡಬೇಡಿ. ಆಲ್ಕೋಹಾಲ್ ಉರಿ ತಡೆಯದವರಿಗೆ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಸಣ್ಣ ಬಾಟಲಿ ಸಾಕು, ಅದೂ ಮಳೆಗಾಲ ಶುರುವಾದ ಮೇಲೆ.